ಹುಲ್ಲುಗಾವಲೂ ಉಳಿಯಬೇಕು

ಕಾಡಿನ ರಕ್ಷಣೆ ಎಂದೊಡನೆ ಎಲ್ಲರ ಕಣ್ಣಮುಂದೆ ನಿಲ್ಲುವುದು ಮಲೆನಾಡಿನ ಮಳೆಕಾಡು. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಅಲ್ಲಿನ ಅದಿರು ಗಣಿ ನಿಂತಿತು. ಈಗ ಚಾರಣಿಗರು ಶುಲ್ಕ ತೆತ್ತು ಬರುತ್ತಾರೆ. ದೂರದ ಪಶ್ಚಿಮ ಆಫ್ರಿಕದಲ್ಲಿಯೂ ಇದೇ ಕ್ರಮ. ಘಾನಾ ದೇಶದ ಕಾಕುಮ್ ಉದ್ಯಾನದ ಸುತ್ತ ನಮ್ಮಂತಹ ಬೆಳೆಗಾರರ ಕೋಕೋ ತೋಟಗಳಿವೆ; ಅಲ್ಲಿ ಮರದಿಂದ ಮರಕ್ಕೆ ಕಟ್ಟಿದ ತೂಗುಸೇತುವೆಯ ಮೇಲೆ ನಡೆಯಲು 1995ರಿಂದ ಪ್ರವಾಸಿಗರು ಹಣ ಕೊಡುತ್ತಿದ್ದಾರೆ. ಇದರಿಂದ ಕಾಡು ಉಳಿಯುವುದಾದರೆ ಸಂತೋಷವೇ.

ಆದರೆ ನೋಡಲು ಯಾರೂ ಬಾರದ ನೆಲದ ಗತಿಯೇನು?

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಕಡೆ ಜಲಪಾತವಿಲ್ಲ, ಹೆಮ್ಮರಗಳಿಲ್ಲ. ಇರುವುದು ಕಾವಲು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಮೀಸಲಾಗಿದ್ದ ಹುಲ್ಲುಗಾವಲು ಅದು. ಕೃಷ್ಣಮೃಗಗಳು ಮೇಯುವುದೂ ಅಲ್ಲಿಯೇ, ಸುತ್ತಲ ಹಳ್ಳಿಗಳ ಕುರಿಗಳು ಬದುಕುವುದೂ ಅಲ್ಲಿಯೇ. 2008ರ ನಂತರದ ಕೆಲವೇ ವರ್ಷಗಳಲ್ಲಿ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆ ಭೂಮಿ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಸೌರವಿದ್ಯುತ್ ಮುಂತಾದ ಯೋಜನೆಗಳ ಪಾಲಾಯಿತು. ಇದರಲ್ಲಿ ಉಳ್ಳಾರ್ತಿ ಕಾವಲಿನ 1,810 ಎಕರೆ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಹೋಯಿತು. ಗೋಡೆಗಳು ಎದ್ದವು. ಜನ ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು.

ವಿಜ್ಞಾನಕ್ಕೆ ನಾವು ವಿರೋಧಿಗಳಲ್ಲ. ಆದರೆ ಹುಲ್ಲಿನ ನೆಲವನ್ನು ಬಂಜರೆಂದು ಎಣಿಸುವುದು ತಪ್ಪು. ಮಲೆನಾಡಿನ ಮಳೆಯಲ್ಲಿ ನಮ್ಮ ಆಳುಕಾಳುಗಳ ಬೆನ್ನು ಕಾಯ್ದದ್ದು ಚಳ್ಳಕೆರೆಯ ಕಂಬಳಿ. ಬಯಲುಸೀಮೆಯ ಕುರಿಗೊಬ್ಬರದ ಬೆಲೆಯೇನೆಂದು ಅಡಿಕೆ ಬೆಳೆಗಾರನಿಗೆ ಹೇಳಿಕೊಡಬೇಕಾಗಿಲ್ಲ. ಕುರಿ ಮೇಯಲು ನೆಲವಿಲ್ಲದಿದ್ದರೆ ಉಣ್ಣೆಯೆಲ್ಲಿ, ಗೊಬ್ಬರವೆಲ್ಲಿ?

ಸದಸ್ಯ ಬಾಂಧವರು ಇನ್ನೂ ಒಂದು ಮಾತನ್ನು ಯೋಚಿಸಬೇಕು. ನಮ್ಮ ಸೊಪ್ಪಿನಬೆಟ್ಟಗಳನ್ನು ನೋಡಲು ಯಾವ ಪ್ರವಾಸಿಗ ಬರುತ್ತಾನೆ? ಬಂದವರ ತಲೆ ಎಣಿಸಿ ಕಾಡಿನ ಬೆಲೆ ಕಟ್ಟುವ ಪದ್ಧತಿ ಬೇರೂರಿದರೆ, ಇಂದು ಕಾವಲಿಗೆ ಬಂದ ಗತಿ ನಾಳೆ ಬೆಟ್ಟಕ್ಕೂ ಬಂದೀತು.

ಆದ್ದರಿಂದ ಉಳಿದ ಕಾವಲುಗಳನ್ನು ದನಕುರಿಗಳಿಗೂ ವನ್ಯಮೃಗಗಳಿಗೂ ಕಾಯ್ದಿಡಬೇಕು. ಒಂದೆಕರೆ ಕೊಡುವುದಿದ್ದರೂ ಮೊದಲು ಆ ಊರಿನ ಗ್ರಾಮಸಭೆಯನ್ನು ಕೇಳಬೇಕು. ಇದು ಕುರಿಗಾರರೊಬ್ಬರ ಬೇಡಿಕೆಯಲ್ಲ, ನಮ್ಮದೂ ಹೌದು. ಮುಂದಿನ ಮಹಾಸಭೆಯಲ್ಲಿ ಈ ಬಗ್ಗೆ ನಿರ್ಣಯವೊಂದನ್ನು ಅಂಗೀಕರಿಸಿ ಸರ್ಕಾರಕ್ಕೆ ಕಳುಹಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.