ಉದ್ದ ನೋಡಿ ದೋಟಿ ತರಬೇಡಿ

ಕಂದಿಕೆರೆಯಿಂದ ಗಾಲ್ಫ್ ಬಗ್ಗೆ ಪೋಸ್ಟಾ ಅಂತ ನಗೋರು ನಕ್ಕು ಮುಗಿಸಿ, ಆಮೇಲೆ ಓದಿ. ನಮ್ಮ ಕ್ಲಾಸಲ್ಲಿ ಗಾಲ್ಫ್ ಆಡೋರು ಯಾರೂ ಇಲ್ಲ, ಗೊತ್ತು. ಆದ್ರೆ ಆ ಆಟದವರು ಒಂದು ಕೋಲನ್ನ ಹೇಗೆ ಆರಿಸ್ತಾರೆ ಅನ್ನೋದು ತೆಂಗಿನ ತೋಟ ಇರೋರಿಗೆಲ್ಲ ಬೇಕಾದ ವಿಷಯ. ಫೈಬರ್ ದೋಟಿ ತರೋ ಮಾತು ಈಗ ಎಷ್ಟೋ ಮನೇಲಿ ನಡೀತಿದೆ ಅಲ್ವಾ, ಅದಕ್ಕೆ.

ಗಾಲ್ಫ್ ಐರನ್ ಅಂದ್ರೆ ಕೆಳಗೆ ಲೋಹದ ತಲೆ, ಮೇಲೆ ಹಿಡಿ, ನಡುವೆ ಶಾಫ್ಟ್. ಹಿಂದೆ ಶಾಫ್ಟ್ ಹಿಕರಿ ಮರದ್ದು. ಉಕ್ಕಿನ ಶಾಫ್ಟ್‌ಗೆ ಬ್ರಿಟನ್ನಿನ ಆರ್ ಅಂಡ್ ಎ ಒಪ್ಪಿದ್ದು 1929ರಲ್ಲಿ. ಈಗ ಒಂದೋ ಉಕ್ಕು, ಇಲ್ಲಾ ಗ್ರಾಫೈಟ್, ಅಂದ್ರೆ ಕಾರ್ಬನ್ ಫೈಬರ್. ಉಕ್ಕಿಂದು ಸುಮಾರು 90ರಿಂದ 130 ಗ್ರಾಂ ತೂಗುತ್ತೆ, ಗ್ರಾಫೈಟ್ ಸಾಮಾನ್ಯವಾಗಿ ಅದಕ್ಕಿಂತ ಹಗುರ. ಎಷ್ಟು ಬಳುಕುತ್ತೆ ಅನ್ನೋದಕ್ಕೆ ಎಲ್, ಎ, ಆರ್, ಎಸ್, ಎಕ್ಸ್ ಅಂತ ಅಕ್ಷರ. ಎಲ್ ತುಂಬಾ ಬಳುಕೋದು, ಎಕ್ಸ್ ತುಂಬಾ ಬಿಗಿ. ತಮಾಷೆ ಏನಂದ್ರೆ ಈ ಅಕ್ಷರಗಳಿಗೆ ಎಲ್ಲ ಕಂಪನಿಗೂ ಸೇರಿ ಒಂದೇ ಅಳತೆ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್ ಇದ್ದಂಗೆ ಇರಬಹುದು.

ಅದಕ್ಕೇ ತಿಳಿದೋರು ಅಕ್ಷರ ನಂಬಲ್ಲ. ಆಡೋರನ್ನೇ ನಿಲ್ಲಿಸಿ, ನಾಲ್ಕೈದು ಶಾಫ್ಟ್ ಕೊಟ್ಟು ಹೊಡೆಸಿ, ಬೀಸಿನ ವೇಗ, ಚೆಂಡು ಹೋದ ದಾರಿ ನೋಡಿ ಆರಿಸ್ತಾರೆ. ನಿಧಾನಕ್ಕೆ ಬೀಸೋರಿಗೆ ಹಗುರವಾಗಿ ಬಳುಕೋದು, ಜೋರಾಗಿ ಬೀಸೋರಿಗೆ ಭಾರದ್ದು, ಬಿಗಿಯಾದ್ದು ಅನ್ನೋದು ಶುರು ಮಾಡೋಕೆ ಒಂದು ಅಂದಾಜು ಅಷ್ಟೇ. ದೂರ ಹೊಡೆದ್ರೆ ಗೆದ್ದಂಗೆ ಅಂತಾನೂ ಇಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಬಂದ್ರಲ್ಲ, ಅವರಿಗಿಂತ ದೂರ ಹೊಡೆಯೋರು ಎಷ್ಟೋ ಜನ ಅವರ ಹಿಂದೆ ಉಳಿದ್ರು.

ಈಗ ದೋಟಿಗೆ ಬನ್ನಿ. ಬಿದಿರಿನ ಗಳಕ್ಕೆ ಕತ್ತಿ ಕಟ್ಟಿ ಕಾಯಿ ಕೀಳೋರು ಎತ್ತಿ ನೋಡಿ, ಅಲ್ಲಾಡಿಸಿ, ಸರಿ ಅನಿಸದಿದ್ರೆ ಬೇರೆ ಗಳ ಹುಡುಕ್ತಾರೆ. ಫೈಬರ್ ದೋಟಿಗೆ ಹತ್ತಾರು ಸಾವಿರ ಬೇಕು. ದುಡ್ಡು ಕೊಡೋರು ತೋಟದ ಯಜಮಾನ್ರು, ದಿನವಿಡೀ ಎತ್ತೋರು ಕೂಲಿಗೆ ಬರೋ ಅಣ್ಣ. ಆರಿಸೋರು ಯಾರು? ದುಡ್ಡು ಕೊಡೋರೇ, ಅದೂ ಮಲೆನಾಡಿನ ಅಡಿಕೆ ತೋಟದ ವಿಡಿಯೋ ನೋಡ್ಕೊಂಡು! ತೆಂಗಿನ ಗೊನೆ ದಂಟು ದಪ್ಪ, ಕತ್ತಿ ಸಿಗಿಸಿ ಬಲವಾಗಿ ಜಗ್ಗಬೇಕು. ಆಗ ದೋಟಿ ಬಳುಕಿದ್ರೆ ಹಾಕಿದ ಶಕ್ತಿ ಅಲ್ಲೇ ಹೋಯ್ತು. ಜೋಡಿಸಿರೋ ಕಡೆ ಲಾಕ್ ಜಾರಿದ್ರಂತೂ ಕೇಳೋದೇ ಬೇಡ.

ಎಲ್ಲರೂ ಕೇಳೋದು ಮಾತ್ರ ಒಂದೇ, "ಎಷ್ಟು ಅಡಿ ಬರುತ್ತೆ?" ಅಡ್ಡ ಹಿಡಿದ ಒಂದೇ ದಪ್ಪದ ಕೋಲಿನ ಉದ್ದ ಎರಡರಷ್ಟಾದ್ರೆ, ತುದೀಲಿರೋ ಅದೇ ಭಾರಕ್ಕೆ ಅದು ಎಂಟರಷ್ಟು ಬಾಗುತ್ತೆ. ಓಲಾಡೋ ದೋಟಿನ ಸಂಭಾಳಿಸೋದು ಎತ್ತೋರ ಭುಜ, ಕತ್ತು. ಬಿಕಾಂನೋರು ನಾವು, ದೋಟಿ ಬೆಲೆ ಬರೀತೀವಿ, ಸಬ್ಸಿಡಿ ಬಂದ್ರೆ ಕಳೀತೀವಿ, ವರ್ಷಾವರ್ಷ ಸವಕಳಿ ಹಾಕ್ತೀವಿ. ಆ ಅಣ್ಣನ ಕತ್ತು ನೋವಿಗೆ ನಮ್ಮ ಪುಸ್ತಕದಲ್ಲಿ ಕಾಲಂ ಇಲ್ಲ, ಅದು ಅವರ ಮನೆ ಖರ್ಚು. ಗಾಲ್ಫ್‌ನಲ್ಲಿ ಸಾಮಾನ್ಯವಾಗಿ ದುಡ್ಡು ಕೊಡೋರೂ ಬೀಸೋರೂ ಒಬ್ಬರೇ. ಅಲ್ಲಿ ಅಷ್ಟೊಂದು ಅಳೆದು ನೋಡೋದು ಅದಕ್ಕೇ ಅಂತ ನನ್ನ ಅನಿಸಿಕೆ.

ಹಾಗಾಗಿ ದೋಟಿ ತರೋಕೆ ಹೋಗುವಾಗ ಕಾಯಿ ಕೀಳೋರನ್ನೂ ಕರ್ಕೊಂಡು ಹೋಗಿ, ಆ ದಿನದ ಕೂಲಿ ಕೊಟ್ಟು. ಮಡಚಿಟ್ಟಿದ್ದನ್ನ ಎತ್ತಿ "ಹಗುರ ಐತೆ" ಅಂದ್ರೆ ಆಗಲ್ಲ. ಪೂರ್ತಿ ಬಿಡಿಸಿ, ಕತ್ತಿ ಹಾಕಿ, ಅವರೇ ನಿಲ್ಲಿಸಿ ಜಗ್ಗಿ ನೋಡಲಿ. ತೋಟದ ಮುಕ್ಕಾಲು ಮರಕ್ಕೆ ಎಟುಕೋ ಉದ್ದ ಸಾಕು, ಹಳೇ ಎತ್ತರದ ಮರಕ್ಕೆ ಹತ್ತೋರನ್ನ ಕರೆಸಿ. ಅವರು ಬೇಡ ಅಂದ್ರೆ ಬೇಡ, ಎಷ್ಟೇ ಆಫರ್ ಇರಲಿ.

ಇನ್ನೊಂದು. ಅಲ್ಯೂಮಿನಿಯಂ ಥರಾನೇ ಕಾರ್ಬನ್ ಫೈಬರ್‌ನಲ್ಲೂ ಕರೆಂಟ್ ಹರಿಯುತ್ತೆ. ಫೈಬರ್ ಅಲ್ವಾ, ಶಾಕ್ ಹೊಡೆಯಲ್ಲ ಅನ್ನೋ ಮಾತು ನಂಬಬೇಡಿ, ಮನೇಲಿ ಹಿರಿಯರಿಗೂ ಹೇಳಿ. ಕರೆಂಟ್ ತಂತಿ ಹಾದಿರೋ ಸಾಲಿನಲ್ಲಿ ಯಾವ ದೋಟಿನೂ ಎತ್ತಿಸಬೇಡಿ.

ನಿಮ್ಮನೇಲಿ ದೋಟಿ ಆರಿಸಿದ್ದು ಯಾರು, ಎತ್ತೋರು ಯಾರು? ಕಾಮೆಂಟ್ ಹಾಕಿ.

#ಕಂದಿಕೆರೆ #ತೆಂಗು #ದೋಟಿ