ಮುಖವನ್ನರಿಯುವ ವಿದ್ಯೆಗೆ ಬೇಕಾದ ಅರ್ಹತೆ

ಕಳೆದ ತಿಂಗಳ ಅಂಚೆಯಲ್ಲಿ ಬಂದ ಪತ್ರಗಳಲ್ಲೊಂದು ಧಾರವಾಡ ಜಿಲ್ಲೆಯ ಸಮಾಜ ಬಾಂಧವರೊಬ್ಬರದು. ಅವರ ಮಗಳು ಬಿ.ಡಿ.ಎಸ್. ಮುಗಿಸಿ, ವಿವಾಹಾನಂತರ ಪತಿಯೊಡನೆ ಇಂಗ್ಲೆಂಡಿನಲ್ಲಿ ನೆಲೆಸಿದ್ದಾಳೆ. ಅಲ್ಲಿ ಮುಖದ ಅಂಗರಚನೆ ಹಾಗೂ ಸೌಂದರ್ಯ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪ್ರಮಾಣಪತ್ರ ಪಡೆಯಬೇಕೆಂಬುದು ಅವಳ ಹಂಬಲ. ಶುಲ್ಕಕ್ಕಾಗಿ ಎರಡು ಎಕರೆ ಎರೆಭೂಮಿಯನ್ನು ಮಾರಲು ತಂದೆಯವರು ಸಿದ್ಧರಿದ್ದಾರೆ. ತಾಯಿಗೆ ಮಾತ್ರ ಸಮಾಧಾನವಿಲ್ಲ. "ಹಲ್ಲಿನ ಡಾಕ್ಟರಾಗಲಿ ಅಂತ ಓದಿಸಿದಿವಿ, ಈಗ ಮಂದಿ ಮಾರಿ ಮ್ಯಾಲಿನ ಸುಕ್ಕು ತಿದ್ದಾಕ ಹೊಂಟಾಳ" ಎಂಬುದು ಆ ತಾಯಿಯ ನೋವು. ಇದು ನಿಜವಾದ ವಿದ್ಯೆಯೋ ಬ್ಯೂಟಿ ಪಾರ್ಲರಿನ ವ್ಯಾಪಾರವೋ ತಿಳಿಸಿರೆಂದು ದಂಪತಿಗಳು ಕೇಳಿದ್ದಾರೆ. ಇಂಥ ಪ್ರಶ್ನೆ ಇತರ ಮನೆಗಳಲ್ಲಿಯೂ ಇರಬಹುದಾದ್ದರಿಂದ ಉತ್ತರವನ್ನು ಈ ಅಂಕಣದಲ್ಲಿಯೇ ಬರೆಯುತ್ತಿದ್ದೇವೆ.

ಆ ದೇಶದ ಶಿಕ್ಷಣ ಕ್ರಮದಲ್ಲಿ ಸ್ನಾತಕೋತ್ತರ ಪ್ರಮಾಣಪತ್ರವೆಂಬುದು 7ನೆಯ ಸ್ತರದ ವ್ಯಾಸಂಗ, ಎಂದರೆ ಎಂ.ಎಸ್‌ಸಿ. ಪದವಿಯ ಸ್ತರ. ಪದವಿಗೆ 180 ಕ್ರೆಡಿಟ್‌ಗಳಾದರೆ ಪ್ರಮಾಣಪತ್ರಕ್ಕೆ 60. ಒಂದು ಕ್ರೆಡಿಟ್ಟಿಗೆ 10 ಗಂಟೆಗಳ ಅಭ್ಯಾಸವೆಂಬ ಲೆಕ್ಕದಂತೆ ಒಟ್ಟು 600 ಗಂಟೆಗಳು. ಶನಿವಾರ ಭಾನುವಾರ ಹೋಟೆಲಿನ ಸಭಾಂಗಣದಲ್ಲಿ ಕುಳಿತು, ಸಂಜೆಗೆ ಬಣ್ಣದ ಕಾಗದವೊಂದನ್ನು ಹಿಡಿದು ಬರುವ ತರಬೇತಿಗೂ ಇದಕ್ಕೂ ಹೋಲಿಕೆಯಿಲ್ಲ. ಆದರೆ ಜಾಹೀರಾತಿನಲ್ಲಿ ಇವೆರಡೂ ಒಂದೇ ತೆರನಾಗಿ ಕಾಣುತ್ತವೆ.

ಇಂಥ ವ್ಯಾಸಂಗಕ್ಕೆ ಅಲ್ಲಿ ಮಹತ್ವ ಬಂದುದಕ್ಕೆ ಕಾರಣವಿದೆ. 2013ರಲ್ಲಿ ಸರ್ ಬ್ರೂಸ್ ಕಿಯೋ ಅವರ ನೇತೃತ್ವದ ಸಮಿತಿಯು, ಮುಖಕ್ಕೆ ಫಿಲ್ಲರ್ ಚುಚ್ಚಿಸಿಕೊಳ್ಳುವವರಿಗೆ ಪೆನ್ನು ಕೊಳ್ಳುವ ಗಿರಾಕಿಗಿಂತ ಹೆಚ್ಚಿನ ರಕ್ಷಣೆಯೇನೂ ಇಲ್ಲವೆಂದು ಸರಕಾರಕ್ಕೆ ವರದಿ ಮಾಡಿತು. ಯಾರು ಏನನ್ನು ಕಲಿತಿರಬೇಕೆಂಬ ಮಾನದಂಡಗಳು ಆ ಬಳಿಕ ರೂಪುಗೊಂಡವು. 2021ರ ಅಕ್ಟೋಬರಿನಿಂದ ಇಂಗ್ಲೆಂಡಿನಲ್ಲಿ 18 ವರ್ಷದೊಳಗಿನವರಿಗೆ ಸೌಂದರ್ಯಕ್ಕಾಗಿ ಇಂಥ ಚುಚ್ಚುಮದ್ದು ನೀಡುವುದು ಅಪರಾಧವಾಯಿತು. 2022ರ ಕಾಯಿದೆಯು ಪರವಾನಗಿ ಪದ್ಧತಿಯನ್ನು ಜಾರಿಗೆ ತರುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು.

ಈಗ ಅರ್ಹತೆಯ ವಿಚಾರ. ವಿಶ್ವವಿದ್ಯಾಲಯಗಳ ನಿಯಮಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ, ಅಭ್ಯರ್ಥಿಯು ಆ ದೇಶದ ವೈದ್ಯ, ದಂತವೈದ್ಯ ಅಥವಾ ದಾದಿಯರ ಮಂಡಳಿಯಲ್ಲಿ ನೋಂದಣಿಯಾಗಿರಬೇಕೆಂಬುದನ್ನು ಸಾಮಾನ್ಯವಾಗಿ ಮೊದಲು ನೋಡುತ್ತಾರೆ. ಜೊತೆಗೆ ವೃತ್ತಿ ವಿಮೆಯನ್ನೂ ಕೇಳುವುದುಂಟು. ನಮ್ಮ ಈ ಮಗಳ ತೊಡಕಿರುವುದು ಇಲ್ಲಿಯೇ. ಇಲ್ಲಿಯ ಬಿ.ಡಿ.ಎಸ್. ಪದವಿಯೊಂದರಿಂದಲೇ ಅಲ್ಲಿ ನೋಂದಣಿ ದೊರೆಯದು. ಅವಳು ಇಂಗ್ಲಿಷ್ ಭಾಷಾ ಪರೀಕ್ಷೆಯನ್ನು ದಾಟಿ, ಅಲ್ಲಿಯ ದಂತವೈದ್ಯ ಮಂಡಳಿಯ ಓಆರ್‌ಇ ಎಂಬ ಎರಡು ಭಾಗಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮೊದಲ ಭಾಗ ಪ್ರಶ್ನೆಪತ್ರಿಕೆಗಳದು. ಎರಡನೆಯದು ಕೈಕೆಲಸದ್ದು, ಕೃತಕ ದವಡೆಯ ಮೇಲೆ ಹಲ್ಲು ಕೊರೆದು ತೋರಿಸುವಂಥದು. ಹೊರಬಾಗಿಲೇ ತೆರೆಯದಿರುವಾಗ ಒಳಕೋಣೆಯ ಬಾಡಿಗೆ ಕಟ್ಟುವುದು ಯಾವ ಜಾಣತನ? ನೋಂದಣಿಯನ್ನು ಕೇಳದೆಯೇ ಹಣ ಪಡೆದು ಸೇರಿಸಿಕೊಳ್ಳುವ ಸಂಸ್ಥೆಯಿದ್ದರೆ ಅದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು.

ಇನ್ನು ತಾಯಿಯವರ ಪ್ರಶ್ನೆ. ಇದು ವಿದ್ಯೆಯೇ ಹೌದೇ? ಓದುಗರು ತಮ್ಮ ಬೆರಳನ್ನು ದವಡೆಯ ಕೆಳಅಂಚಿನ ಮೇಲಿಟ್ಟು ಹಲ್ಲು ಕಚ್ಚಿ ನೋಡಲಿ. ಉಬ್ಬಿ ಬರುವುದು ಅಗಿಯುವ ಸ್ನಾಯು. ಅದರ ಮುಂಬದಿಯಲ್ಲಿ ಮೆಲ್ಲನೆ ಒತ್ತಿದರೆ ನಾಡಿ ಮಿಡಿಯುವುದು ತಿಳಿಯುತ್ತದೆ. ಅದೇ ಮುಖದ ಧಮನಿ. ಅಲ್ಲಿಂದ ಅದು ಅಂಕುಡೊಂಕಾಗಿ ತುಟಿಯ ಮೂಲೆಗೆ ಏರಿ, ಮೂಗಿನ ಪಕ್ಕದಿಂದ ಕಣ್ಣಿನ ಒಳಮೂಲೆಯತ್ತ ಸಾಗುತ್ತದೆ. ಕಿವಿಯ ಕೆಳಗಿನಿಂದ ಹೊರಟ ಮುಖದ ನರವು ಜೊಲ್ಲಿನ ದೊಡ್ಡ ಗ್ರಂಥಿಯೊಳಗೆ ಹೊಕ್ಕು ಐದು ಕವಲಾಗಿ ಹರಡುತ್ತದೆ. ನಾವು ನಗುವುದು, ಕಣ್ಣು ಮುಚ್ಚುವುದು, ಹುಬ್ಬು ಗಂಟಿಕ್ಕುವುದು ಎಲ್ಲವೂ ಈ ಕವಲುಗಳ ಕೃಪೆ. ಹಣೆಯ ಕಡೆಯ ಕವಲಿಗೆ ಪೆಟ್ಟಾದರೆ ಹುಬ್ಬು ಜೋಲುತ್ತದೆ. ದವಡೆಯಂಚಿನ ಕವಲಿಗೆ ಪೆಟ್ಟಾದರೆ ನಗೆಯೇ ಸೊಟ್ಟಗಾಗುತ್ತದೆ.

ಎಲ್ಲಕ್ಕಿಂತ ಅಪಾಯದ ಎಡೆಗಳಲ್ಲೊಂದು ನಮ್ಮ ತಾಯಂದಿರು ಕುಂಕುಮವಿಡುವ ಭ್ರೂಮಧ್ಯ. ಅಲ್ಲಿಯ ಸಣ್ಣ ರಕ್ತನಾಳಗಳು ಒಳಗೆ ಕಣ್ಣಿನ ಧಮನಿಗೆ ಸೇರಿವೆ. ಸೂಜಿಯ ಮೊನೆ ತಪ್ಪಿ ಫಿಲ್ಲರ್ ನಾಳದೊಳಕ್ಕೆ ಹೊಕ್ಕು, ಒತ್ತಡದಿಂದ ಹಿಮ್ಮುಖವಾಗಿ ಹರಿದರೆ, ಅದು ಕಣ್ಣಿನ ಅಕ್ಷಿಪಟಲದ ರಕ್ತ ಸಂಚಾರವನ್ನೇ ತಡೆಯಬಲ್ಲದು. ಹಾಗೆ ಹೋದ ದೃಷ್ಟಿ ಮರಳಿ ಬರುವುದು ಅತಿ ವಿರಳ. ಹೈಯಲುರಾನಿಕ್ ಆಮ್ಲದ ಫಿಲ್ಲರನ್ನು ಕರಗಿಸುವ ಹೈಯಲುರೊನಿಡೇಸ್ ಎಂಬ ಔಷಧವುಂಟು. ಆದರೆ ಅದನ್ನು ಎಲ್ಲಿಗೆ, ಎಷ್ಟು ಬೇಗ ಕೊಡಬೇಕೆಂಬುದನ್ನು ಬಲ್ಲವರ ಕೈ ಬೇಕು. ಆ ಚರ್ಮದಡಿಯ ನಕ್ಷೆಯನ್ನು ಅಂತಃಕರಣದಲ್ಲಿ ಅಚ್ಚೊತ್ತಿಕೊಳ್ಳಲೆಂದೇ ಈ 600 ಗಂಟೆಗಳು. ಸುಕ್ಕಿಗೆ ಬಳಸುವ ಬೊಟುಲಿನಮ್ ಟಾಕ್ಸಿನ್ ಸಹ ಮೊದಲು ಒಪ್ಪಿಗೆ ಪಡೆದುದು ಸುಕ್ಕಿಗಾಗಿ ಅಲ್ಲ. 1989ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತದ್ದು ಮೆಳ್ಳೆಗಣ್ಣು ಹಾಗೂ ರೆಪ್ಪೆಗಳ ಸೆಳೆತದ ಚಿಕಿತ್ಸೆಗೆ. ಹುಬ್ಬುಗಳ ನಡುವಣ ಗೆರೆಗಳಿಗೆ ಅನುಮತಿ ಬಂದುದು 2002ರಲ್ಲಿ. ತಾಯಿಯವರು ಇದನ್ನು ಗಮನಿಸಬೇಕೆಂದು ಕೋರುತ್ತೇವೆ.

ಈ ನಕ್ಷೆಯನ್ನು ಚಿತ್ರ ನೋಡಿ ಪೂರ್ತಿ ಕಲಿಯಲಾಗದು. ಒಬ್ಬರ ಧಮನಿ ಹರಿದಂತೆ ಇನ್ನೊಬ್ಬರದು ಹರಿಯುವುದಿಲ್ಲ. ಆದ್ದರಿಂದ ಒಳ್ಳೆಯ ವ್ಯಾಸಂಗಗಳಲ್ಲಿ ಮೃತದೇಹದ ಮುಖವನ್ನು ಪದರ ಪದರವಾಗಿ ಬಿಡಿಸಿ ತೋರಿಸುತ್ತಾರೆ. ಇಂಗ್ಲೆಂಡಿನಲ್ಲಿ 2004ರ ಕಾಯಿದೆಯ ಪ್ರಕಾರ ಇದಕ್ಕೆ ಸಮ್ಮತಿಯನ್ನು ದಾನಿಯೇ ಬದುಕಿದ್ದಾಗ ಬರೆದುಕೊಟ್ಟಿರಬೇಕು. ಬಂಧುಗಳು ಕೊಟ್ಟರೆ ಸಾಲದು. ನಮ್ಮಲ್ಲಿ ದೇಹವನ್ನು ಕುಳ್ಳಿರಿಸಿ ಸಮಾಧಿ ಮಾಡುವ ಸಂಪ್ರದಾಯವಿರುವುದರಿಂದ ದೇಹದಾನದ ಮಾತು ಬಂದೊಡನೆ ಮನೆಯ ಹಿರಿಯರು ತಡವರಿಸುವುದು ಸಹಜ. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರು 2008ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ದೇಹವನ್ನು ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯಕ್ಕೆ ಒಪ್ಪಿಸಲಾಯಿತು. 2010ರ ನವೆಂಬರಿನಲ್ಲಿ, ಅಲ್ಲಿಯೇ ಅಂಗರಚನಾಶಾಸ್ತ್ರ ಬೋಧಿಸುತ್ತಿದ್ದ ಅವರ ಪುತ್ರ ಡಾ. ಮಹಾಂತೇಶ ರಾಮಣ್ಣವರ ಅವರೇ ವಿದ್ಯಾರ್ಥಿಗಳ ಮುಂದೆ ತಂದೆಯ ದೇಹವನ್ನು ಛೇದಿಸಿ ಪಾಠ ಹೇಳಿದರು. ಆ ಸುದ್ದಿಯನ್ನು ಓದಿದ ದಿನ ನಮಗೆ ಬಹಳ ಹೊತ್ತು ಬೇರೆ ಕೆಲಸಕ್ಕೆ ಮನಸ್ಸಾಗಲಿಲ್ಲ.

ಮರಳಿ ಬಂದರೆ ಈ ಪ್ರಮಾಣಪತ್ರದಿಂದ ಏನಾದೀತು ಎಂದೂ ತಂದೆಯವರು ಕೇಳಿದ್ದಾರೆ. ಜ್ಞಾನ ಉಳಿದೀತು, ಆದರೆ ದಂತವೈದ್ಯೆಗೆ ಮುಖದ ಶಸ್ತ್ರಚಿಕಿತ್ಸೆಯಲ್ಲಿ ನಮ್ಮ ದೇಶದ ಮಾರ್ಗವೆಂದರೆ ನೀಟ್ ಮೂಲಕ ಪ್ರವೇಶ ಪಡೆದು ಓದುವ 3 ವರ್ಷಗಳ ಎಂ.ಡಿ.ಎಸ್. ಅದರ ಬದಲಿಗೆ ಇದು ನಡೆಯದು.

ಹೊಲವನ್ನು ಸದ್ಯಕ್ಕೆ ಮಾರಬೇಡಿರೆಂದೂ, ಕೈಯಲ್ಲಿರುವ ಹಣವನ್ನು ಮೊದಲು ಓಆರ್‌ಇ ಪರೀಕ್ಷೆಗೆ ತೊಡಗಿಸಿರೆಂದೂ, ಮುಂದೆ ಸಂಸ್ಥೆಯನ್ನು ಆರಿಸುವಾಗ ಪ್ರಮಾಣಪತ್ರ ನೀಡುವ ವಿಶ್ವವಿದ್ಯಾಲಯ ಯಾವುದು, ಕ್ರೆಡಿಟ್ ಎಷ್ಟು, ಛೇದನದ ಪಾಠವುಂಟೋ ಇಲ್ಲವೋ ಎಂದು ಬರಹದಲ್ಲಿ ಕೇಳಿ ಪಡೆಯಿರೆಂದೂ ಅವರಿಗೆ ಬರೆದೆವು. ಮೊನ್ನೆ ಮರುಪತ್ರ ಬಂದಿದೆ. ಮಗಳು ಮೊದಲ ಭಾಗಕ್ಕೆ ಓದಲು ಕುಳಿತಿದ್ದಾಳಂತೆ. ಬಿ.ಡಿ.ಎಸ್. ಮೊದಲ ವರ್ಷದ ಅಂಗರಚನೆಯ ಹಳೆಯ ಪುಸ್ತಕವನ್ನು ಕಳಿಸಿಕೊಡಿರೆಂದು ಕೇಳಿದಳಂತೆ. ತಾಯಿಯವರು ಅಟ್ಟದಿಂದ ಅದನ್ನು ಇಳಿಸಿ, ಧೂಳು ಒರೆಸಿ, ಶೇಂಗಾ ಚಟ್ನಿಪುಡಿಯ ಡಬ್ಬಿಯೊಂದಿಗೆ ಪಾರ್ಸೆಲ್ ಮಾಡಿಸಿದ್ದಾರೆ.