ಒಂದು ‘ಮಾ’, ಆರು ಅರ್ಥ

‘ಮಾ’ ಎಂದು ಒಮ್ಮೆ ಹೇಳಿ ನೋಡಿ. ದನಿಯನ್ನು ಏರಿಸದೆ, ಇಳಿಸದೆ, ತಂಬೂರಿಯ ಶ್ರುತಿಯಂತೆ ಒಂದೇ ಸಮನೆ ಹೇಳಿದರೆ ವಿಯೆಟ್ನಾಮಿನಲ್ಲಿ ಅದಕ್ಕೆ ‘ದೆವ್ವ’ ಎಂದು ಅರ್ಥ. ಅದನ್ನೇ ಮೇಲಕ್ಕೆ ಎಳೆದು ಹೇಳಿದರೆ ‘ತಾಯಿ’. ಮೆಲ್ಲನೆ ಕೆಳಗಿಳಿಸಿದರೆ ‘ಆದರೆ’. ಇಳಿಸಿ ಮತ್ತೆ ಮೇಲೆತ್ತಿದರೆ ‘ಗೋರಿ’. ನಡುವೆ ಗಂಟಲಲ್ಲಿ ಒಮ್ಮೆ ತಡೆದು ಮೇಲಕ್ಕೆ ಹಾರಿಸಿದರೆ ‘ಕುದುರೆ’. ತಗ್ಗಿದ ದನಿಯಲ್ಲಿ ಥಟ್ಟನೆ ಕತ್ತರಿಸಿದರೆ ನಾಟಿಗೆ ಬೆಳೆಸಿದ ‘ಭತ್ತದ ಸಸಿ’! ತಾಯಿಯನ್ನು ಕರೆಯಲು ಹೋಗಿ ದೆವ್ವವನ್ನು ಕರೆಯುವ ಅಪಾಯ ಹೊಸಬರಿಗೆ ಇದ್ದೇ ಇದೆ.

ಇದರಲ್ಲಿ ಮಾಯವೇನೂ ಇಲ್ಲ, ಇದು ಶುದ್ಧ ಭೌತಶಾಸ್ತ್ರ. ಬಿರಡೆ ತಿರುಗಿಸಿ ವೀಣೆಯ ತಂತಿಯನ್ನು ಬಿಗಿ ಮಾಡಿದರೆ ಅದು ಹೆಚ್ಚು ವೇಗವಾಗಿ ಕಂಪಿಸುತ್ತದೆ, ಶ್ರುತಿ ಏರುತ್ತದೆ. ನಮ್ಮ ಗಂಟಲಿನ ಧ್ವನಿತಂತುಗಳೂ ಹಾಗೆಯೇ. ಕನ್ನಡದಲ್ಲಿಯೂ ನಾವು ಶ್ರುತಿಯನ್ನು ಏರಿಳಿಸುತ್ತೇವೆ. ‘ರಾಮ ಬಂದ’ ಎಂಬುದನ್ನು ಕೊನೆಯಲ್ಲಿ ಏರಿಸಿ ಹೇಳಿದರೆ ಪ್ರಶ್ನೆಯಾಗುತ್ತದೆ. ಆದರೆ ‘ಬಂದ’ ಎಂಬ ಪದದ ಅರ್ಥ ಬದಲಾಗುವುದಿಲ್ಲ. ವಿಯೆಟ್ನಾಮೀ ಭಾಷೆಯಲ್ಲಿ ಪದವೇ ಬೇರೆಯಾಗುತ್ತದೆ. ಉತ್ತರದ ಹನೋಯ್ ಕಡೆ ಇಂಥ ಸ್ವರಭೇದಗಳು ಆರು. ದಕ್ಷಿಣದವರ ಬಾಯಲ್ಲಿ ಎರಡು ಬೆರೆತು ಐದಾಗಿವೆ.

ಈ ಏರಿಳಿತ ಆ ಭಾಷೆಗೆ ಹುಟ್ಟಿನಿಂದ ಬಂದದ್ದಲ್ಲ ಎಂದರೆ ನಂಬುವಿರಾ? 1954ರಲ್ಲಿ ಆಂದ್ರೆ ಓದ್ರಿಕೂರ್ ಎಂಬ ಫ್ರೆಂಚ್ ವಿದ್ವಾಂಸ ಇದರ ಗುಟ್ಟನ್ನು ಬಿಡಿಸಿದ. ಬಹು ಹಿಂದೆ ಈ ಭಾಷೆಯ ಪದಗಳ ತುದಿಯಲ್ಲಿ ಕೆಲವು ವ್ಯಂಜನಗಳಿದ್ದವು. ಕಾಲಕ್ರಮೇಣ ಅವು ಸವೆದುಹೋದವು. ಅವುಗಳಿಂದಾಗಿ ಗಂಟಲಲ್ಲಿ ಉಂಟಾಗುತ್ತಿದ್ದ ಏರಿಳಿತ ಮಾತ್ರ ಉಳಿದುಕೊಂಡಿತು. ಪದದ ಮೊದಲ ವ್ಯಂಜನಗಳಲ್ಲಿ ಆದ ಬದಲಾವಣೆಯಿಂದ ಮೂರು ಸ್ವರಭೇದಗಳು ಆರಾದವು. ಪ್ರಾಣಿ ಹೋದ ಮೇಲೂ ಮಣ್ಣಿನಲ್ಲಿ ಹೆಜ್ಜೆಗುರುತು ಉಳಿದಂತೆ! ಮೂಲದಲ್ಲಿ ಈ ಭಾಷೆ ಕಾಂಬೋಡಿಯಾದ ಖ್ಮೇರ್ ಭಾಷೆಗೂ, ನಮ್ಮ ದೇಶದ ಸಂತಾಲಿ, ಮುಂಡಾರಿ, ಖಾಸಿ ಭಾಷೆಗಳಿಗೂ ಬಂಧು.

ಸುಮಾರು ಸಾವಿರ ವರ್ಷ, ಕ್ರಿ.ಪೂ. 111ರಿಂದ ಕ್ರಿ.ಶ. 938ರವರೆಗೆ, ಆ ನಾಡಿನ ಉತ್ತರ ಭಾಗ ಬಹುಮಟ್ಟಿಗೆ ಚೀನೀಯರ ಆಳ್ವಿಕೆಯಲ್ಲಿತ್ತು. ಚೀನೀ ಪದಗಳು ರಾಶಿರಾಶಿಯಾಗಿ ಬಂದವು. ಆಡಳಿತಕ್ಕೂ ಪರೀಕ್ಷೆಗೂ ಚೀನೀ ಲಿಪಿಯೇ ಬೇಕಾಯಿತು. ಆದರೆ ಮನೆಯ ಮಾತು ಅಳಿಯಲಿಲ್ಲ. ಮುಂದೆ ಚೀನೀ ಅಕ್ಷರಗಳನ್ನೇ ಒಡೆದು, ಜೋಡಿಸಿ, ತಮ್ಮ ಮಾತನ್ನು ಬರೆಯಲು ‘ನೋಮ್’ ಎಂಬ ಲಿಪಿಯನ್ನು ಅವರು ಕಟ್ಟಿಕೊಂಡರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕವಿ ಙುಯೆನ್ ಜು ಬರೆದ ‘ಕಿಯೆವ್ ಕಥೆ’ ಎಂಬ ಕಾವ್ಯ ಈ ಲಿಪಿಯಲ್ಲಿದ್ದದ್ದೇ. ಕಥೆ ಚೀನೀ ಕಾದಂಬರಿಯದು. 3254 ಸಾಲುಗಳ ಕಾವ್ಯ ಮಾತ್ರ ಅಪ್ಪಟ ವಿಯೆಟ್ನಾಮೀ.

ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ಪಾದ್ರಿಗಳು ಬಂದರು. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ದ ಪೀನಾ ಮೊದಲಾದವರು ಈ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯತೊಡಗಿದರು. ಸ್ವರಭೇದ ತೋರಿಸಲು ಅಕ್ಷರದ ಮೇಲೆ, ಕೆಳಗೆ ಚಿಹ್ನೆಗಳನ್ನಿಟ್ಟರು. 1651ರಲ್ಲಿ ಅಲೆಗ್ಸಾಂಡರ್ ದ ರೋಡ್ ಎಂಬ ಪಾದ್ರಿಯ ನಿಘಂಟು ರೋಮ್ ನಗರದಲ್ಲಿ ಅಚ್ಚಾಯಿತು. ಮತಪ್ರಚಾರಕ್ಕೆಂದು ಹುಟ್ಟಿದ ಈ ಲಿಪಿಯನ್ನು ಮುಂದೆ ಫ್ರೆಂಚ್ ಸರ್ಕಾರ ತನ್ನ ಅನುಕೂಲಕ್ಕೆಂದು ಬೆಳೆಸಿತು. ವಿಚಿತ್ರವೆಂದರೆ, ಫ್ರೆಂಚರ ವಿರುದ್ಧ ಹೋರಾಡಿದವರೂ ತಮ್ಮ ಪತ್ರಿಕೆ, ಕರಪತ್ರಗಳಿಗೆ ಇದನ್ನೇ ಹಿಡಿದರು. ಇದಕ್ಕೆ ತೆತ್ತ ಬೆಲೆಯೂ ಇದೆ. ವಿಶೇಷವಾಗಿ ಕಲಿಯದ ಹೊರತು ಇಂದಿನ ವಿಯೆಟ್ನಾಮೀ ಹುಡುಗನಿಗೆ ತನ್ನ ಪೂರ್ವಿಕರ ಶಾಸನವನ್ನಾಗಲಿ, ನೋಮ್ ಲಿಪಿಯ ಹಳೆಯ ಪುಸ್ತಕವನ್ನಾಗಲಿ ಓದಲು ಬಾರದು.

ವಿಜ್ಞಾನದ ಮೇಷ್ಟ್ರಾದ ನನಗೆ ತುಂಬ ಹಿಡಿಸಿದ್ದು ಇದರ ಮುಂದಿನ ಕಥೆ. ಪ್ರೌಢಶಾಲೆ, ಕಾಲೇಜುಗಳ ಪಾಠ ಆಗ ಫ್ರೆಂಚಿನಲ್ಲಿ. ಪ್ಯಾರಿಸ್ಸಿನ ಹೆಸರಾಂತ ಎಂಜಿನಿಯರಿಂಗ್ ಶಾಲೆಯಲ್ಲಿ ಓದಿ ಬಂದು ಹನೋಯ್‌ನಲ್ಲಿ ಗಣಿತ ಕಲಿಸುತ್ತಿದ್ದ ಹೋವಾಂಗ್ ಸ್ವಾನ್ ಹಾನ್ ಎಂಬ ಅಧ್ಯಾಪಕರು, ವಿಜ್ಞಾನವನ್ನು ತಮ್ಮ ಭಾಷೆಯಲ್ಲೇ ಹೇಳಲು ಏಕಾಗದು ಎಂದು ಯೋಚಿಸಿದರು. ಹಾಗೆ ಯೋಚಿಸಿ ಸುಮ್ಮನಾಗದೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಖಗೋಳಶಾಸ್ತ್ರಗಳ ಪದಕೋಶವೊಂದನ್ನು 1942ರಲ್ಲಿ ಹೊರತಂದರು. ಅವರ ಮುಂದೆ ಮೂರು ದಾರಿಗಳಿದ್ದವು: ಜನರಾಡುವ ಮಾತಿನಿಂದ ಪದ ಕಟ್ಟುವುದು, ಚೀನೀ ಮೂಲದಿಂದ ತರುವುದು, ಯೂರೋಪಿನ ಪದವನ್ನೇ ತಮ್ಮ ಉಚ್ಚಾರಕ್ಕೆ ಒಗ್ಗಿಸುವುದು. ಯಾವುದಕ್ಕೂ ಮಡಿ ಮಾಡಲಿಲ್ಲ. ಇಂದಿಗೂ ಆ ಭಾಷೆಯಲ್ಲಿ ಮೂರು ಬಗೆಯ ಪದಗಳೂ ಇವೆ. ವಿಮಾನ ಅವರಿಗೆ ‘ಹಾರುವ ಯಂತ್ರ’, ಕಂಪ್ಯೂಟರ್ ‘ಲೆಕ್ಕದ ಯಂತ್ರ’. ತ್ರಿಭುಜದ ಹೆಸರು ಚೀನೀ ಮೂಲದ್ದು. ಆಸಿಡ್ ಮಾತ್ರ ‘ಆಸಿತ್’.

1945ರಲ್ಲಿ ಕೆಲವು ತಿಂಗಳು ಶಿಕ್ಷಣ ಮಂತ್ರಿಯಾಗಿದ್ದಾಗ ಹಾನ್ ಅವರು ಶಾಲೆಗಳಲ್ಲಿ ವಿಯೆಟ್ನಾಮೀ ಮಾಧ್ಯಮಕ್ಕೆ ನಾಂದಿ ಹಾಡಿದರು. ಅದೇ ವರ್ಷ ಸೆಪ್ಟೆಂಬರ್ 2ರಂದು ದೇಶ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಆಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ನಿರಕ್ಷರಿಗಳೆಂದು ಅಂದಾಜು. ಆರೇ ದಿನಗಳಲ್ಲಿ, ಸೆಪ್ಟೆಂಬರ್ 8ರಂದು, ಸಾಕ್ಷರತಾ ಚಳವಳಿಯ ಆಜ್ಞೆಗಳು ಹೊರಟವು. ಒಂದು ವರ್ಷದಲ್ಲಿ ಸುಮಾರು 25 ಲಕ್ಷ ಜನ ಓದಲು ಕಲಿತರೆಂದು ಸರ್ಕಾರದ ಲೆಕ್ಕ. ನವೆಂಬರಿನಲ್ಲಿ ಮತ್ತೆ ತೆರೆದ ಹನೋಯ್ ವಿಶ್ವವಿದ್ಯಾಲಯದಲ್ಲಿ ಪಾಠಗಳು ವಿಯೆಟ್ನಾಮೀ ಭಾಷೆಯಲ್ಲೇ ಆರಂಭವಾದವು.

2012ರಲ್ಲಿ ಹದಿನೈದು ವರ್ಷದ ಮಕ್ಕಳಿಗಾಗಿ ನಡೆದ ‘ಪೀಸಾ’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ವಿಯೆಟ್ನಾಮ್ ಮೊದಲ ಬಾರಿಗೆ ಭಾಗವಹಿಸಿತು. ವಿಜ್ಞಾನದಲ್ಲಿ 65 ದೇಶ, ಪ್ರದೇಶಗಳ ಪೈಕಿ ಅದಕ್ಕೆ ಎಂಟನೆಯ ಸ್ಥಾನ! ಆ ವಯಸ್ಸಿನ ಅನೇಕ ಮಕ್ಕಳು ಆಗ ಶಾಲೆಯ ಹೊರಗಿದ್ದರು ಎಂಬುದನ್ನು ಮರೆಯಬಾರದು; ಈ ಫಲಿತಾಂಶಕ್ಕೆ ಭಾಷೆಯೊಂದೇ ಕಾರಣವೆಂದೂ ನಾನು ಹೇಳಲಾರೆ. ಆದರೆ ಸ್ವಂತ ಭಾಷೆಯಲ್ಲಿ ಕಲಿತರೆ ವಿಜ್ಞಾನದಲ್ಲಿ ಹಿಂದುಳಿಯುತ್ತಾರೆ ಎಂಬ ಮಾತು ಸುಳ್ಳೆಂದು ಹೇಳಲು ಇಷ್ಟು ಸಾಕು. ಇಂಗ್ಲಿಷಿಗೇನೂ ಅವರು ಬಾಗಿಲು ಹಾಕಿಲ್ಲ. ಮೂರನೆಯ ತರಗತಿಯಿಂದ ವಿದೇಶಿ ಭಾಷೆ ಕಡ್ಡಾಯ. ಶಾಲೆಗಳಲ್ಲಿ ಇಂಗ್ಲಿಷನ್ನು ಕ್ರಮೇಣ ಎರಡನೆಯ ಭಾಷೆಯಾಗಿಸುವುದಾಗಿ 2024ರಲ್ಲಿ ಅಲ್ಲಿನ ಆಡಳಿತ ಪಕ್ಷ ತೀರ್ಮಾನಿಸಿತು.

ಹಾಗೆಂದು ಅಲ್ಲಿ ಎಲ್ಲರ ಮನೆಮಾತೂ ಒಂದೇ ಅಲ್ಲ. ಸರ್ಕಾರ ಗುರುತಿಸಿರುವ ಜನಾಂಗಗಳು 54. ಬೆಟ್ಟದ ಮೇಲಿನ ಮೋಂಗ್ ಮಗುವಿಗೆ ಶಾಲೆಯ ವಿಯೆಟ್ನಾಮೀ ಭಾಷೆಯೇ ಪರಭಾಷೆ. ಇದನ್ನರಿತು 2008ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೋಂಗ್, ಜರಾಯ್, ಖ್ಮೇರ್ ಮಕ್ಕಳಿಗೆ ಅವರವರ ತಾಯ್ನುಡಿಯಲ್ಲೇ ಮೊದಲು ಕಲಿಸುವ ಪ್ರಯೋಗವೂ ನಡೆಯಿತು.

ಸಾವಿರ ವರ್ಷದ ಪರರಾಜ್ಯವನ್ನು ತಾಳಿಕೊಂಡ ಈ ಭಾಷೆ ಈಗ ಸೊರಗುತ್ತಿರುವುದು ಎಲ್ಲಿ ಗೊತ್ತೆ? ಕ್ಯಾಲಿಫೋರ್ನಿಯಾದ ಊಟದ ಮೇಜಿನ ಸುತ್ತ. 1975ರಲ್ಲಿ ಯುದ್ಧ ಮುಗಿದ ಮೇಲೆ ಲಕ್ಷಾಂತರ ಜನ ದೇಶ ಬಿಟ್ಟರು. ಅಮೆರಿಕದಲ್ಲೇ ಇಂದು ವಿಯೆಟ್ನಾಮೀ ಮೂಲದವರು 20 ಲಕ್ಷಕ್ಕೂ ಹೆಚ್ಚು. ಅವರ ಭಾಷೆಯಲ್ಲಿ ‘ನಾನು’ ಎಂಬುದಕ್ಕೆ ಮನೆಯೊಳಗೆ ಎಲ್ಲರೆದುರೂ ಸಲ್ಲುವ ಒಂದೇ ಪದವಿಲ್ಲ. ಮಗು ಅಮ್ಮನೆದುರು ತನ್ನನ್ನು ‘ಕೋನ್’ ಎಂದುಕೊಳ್ಳುತ್ತದೆ, ಅಂದರೆ ನಿನ್ನ ಮಗು. ಅಣ್ಣನೆದುರು ‘ಎಮ್’, ಅಂದರೆ ನಿನಗಿಂತ ಚಿಕ್ಕವನು. ಅಜ್ಜನೆದುರು ‘ಚಾವ್’, ಅಂದರೆ ಮೊಮ್ಮಗ. ಬಂಧುತ್ವ ತಿಳಿಯದೆ ಬಾಯಿ ತೆರೆಯುವಂತೆಯೇ ಇಲ್ಲ! ಇಂಗ್ಲಿಷಿಗೆ ತಿರುಗಿದ ಮಗುವಿಗೆ ಅಜ್ಜನೂ ‘ಯೂ’, ತಮ್ಮನೂ ‘ಯೂ’. ಅದಕ್ಕೇ ಅಲ್ಲಿನ ಪೋಷಕರು ವಾರದ ಕೊನೆಯಲ್ಲಿ ಭಾಷಾ ಶಾಲೆಗಳನ್ನು ನಡೆಸುತ್ತಾರೆ. ಇತ್ತ ವಿಯೆಟ್ನಾಮ್ ಸರ್ಕಾರವೂ 2022ರಲ್ಲಿ ಸೆಪ್ಟೆಂಬರ್ 8ನ್ನು ಹೊರನಾಡಿನವರ ಭಾಷಾ ದಿನವೆಂದು ಗೊತ್ತುಮಾಡಿತು.

ಇದನ್ನೆಲ್ಲ ಬರೆಯಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ, “ಸಾರ್, ಮಗನ ಜೊತೆ ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಲೇ?” ಎಂದು ಕೇಳಿದ್ದರು. ನಾನು ಹಿಂದುಮುಂದು ನೋಡದೆ, “ಮಾತಾಡಿ ಅಮ್ಮಾ, ಒಳ್ಳೆಯದೇ” ಎಂದುಬಿಟ್ಟೆ. ಎರಡು ವರ್ಷಗಳ ನಂತರ ಸಿಕ್ಕಾಗ, “ಇಂಗ್ಲಿಷೇನೋ ಬಂತು ಸಾರ್. ಆದರೆ ಅವನಿಗೂ ಅವನ ಅಜ್ಜಿಗೂ ಮಾತೇ ನಿಂತುಹೋಗಿದೆ” ಎಂದರು. ಆ ಹುಡುಗ ತರಗತಿಯಲ್ಲಿ ‘ಆಸ್ಮಾಸಿಸ್’ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ನೀರಿನಲ್ಲಿ ಒಣದ್ರಾಕ್ಷಿ ಏಕೆ ಉಬ್ಬುತ್ತದೆ ಎಂದರೆ ಸುಮ್ಮನೆ ನಿಲ್ಲುತ್ತಿದ್ದ. ನನ್ನ ಸಲಹೆ ತಪ್ಪಾಗಿತ್ತು.

ಪೋಷಕರೇ, ಮಕ್ಕಳಿಗೆ ಇಂಗ್ಲಿಷ್ ಚೆನ್ನಾಗಿ ಕಲಿಸಿ, ಅದು ಬೇಕು. ಜೊತೆಗೆ ಇಂದು ಸಂಜೆ ಇನ್ನೊಂದು ಕೆಲಸ ಮಾಡಿ. ಶಾಲೆಯಲ್ಲಿ ಆದ ವಿಜ್ಞಾನದ ಪಾಠವನ್ನು ಅಜ್ಜಿಗೆ ಮನೆಮಾತಿನಲ್ಲಿ ವಿವರಿಸಲು ಮಗುವಿಗೆ ಹೇಳಿ. ನಡುವೆ ಇಂಗ್ಲಿಷ್ ಪದ ಬಂದರೆ ಬರಲಿ, ಬೇಡವೆನ್ನಬೇಡಿ. ಅಜ್ಜಿ ಕೇಳುವ ಪ್ರಶ್ನೆಗೆ ಮಗು ಉತ್ತರ ಹೇಳಿತೆಂದರೆ, ಆ ಪಾಠ ಅದಕ್ಕೆ ಅರ್ಥವಾಗಿದೆ ಎಂದು ತಿಳಿಯಿರಿ.